ಚೀಟಿಯ ಹಿಂಬದಿ

ನಾಸಿಕ್‌ನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಬೈಬಲ್ ಓದುತ್ತಿದ್ದ ಹಿರಿಯರು ಬೀದರ್ ಕಡೆಯವರು, ಸಾತಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವವರು. ಯಾರು ಬೈಬಲಿನ ಯಾವ ವಾಕ್ಯ ಹೇಳಿದರೂ ಕನ್ನಡಕ ಏರಿಸಿ, "ಪೂರ್ತಿ ಓದ್ರಿ" ಅನ್ನುತ್ತಿದ್ದರು.

ಹೊಸವರ್ಷದ ಬೆಳಿಗ್ಗೆ ಒಬ್ಬೊಬ್ಬರೂ ಬುಟ್ಟಿಯಿಂದ ಒಂದು ವಾಗ್ದಾನದ ಚೀಟಿ ಎತ್ತುತ್ತೇವೆ. ವರ್ಷವಿಡೀ ನಮಗೆ ಅದೇ ದೇವರ ಮಾತು. ಸಭೆಗೆ ಗಿಟಾರು ತಂದ ಯುವಕರೇ ಒಂದು ವರ್ಷ ಹೂವಿನ ಚಿತ್ರದ ಅಚ್ಚಿನ ಚೀಟಿಗಳನ್ನೂ ತಂದರು. ಅವುಗಳಲ್ಲಿ ಆಶೀರ್ವಾದವಷ್ಟೇ ಇತ್ತು, ಅದಕ್ಕೆ ಅಂಟಿದ ಷರತ್ತು ಇರಲಿಲ್ಲ. ಈ ಹಿರಿಯರು ಹಿಂದಿನ ದಿನವೇ ಕೂತು, ಬಿಟ್ಟುಹೋದದ್ದನ್ನು ಪ್ರತಿ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದಿದ್ದರು. ನನ್ನದರ ಮುಂದೆ ಕ್ಷಮೆ ಸಿಗುತ್ತದೆ ಎಂದಿತ್ತು. ಹಿಂದೆ, ಮೊದಲು ನೀನು ಕ್ಷಮಿಸಬೇಕು ಎಂದು. ಅಣ್ಣನ ಜೊತೆ ಮಾತು ಬಿಟ್ಟಿದ್ದ ನನಗೆ ಸಿಟ್ಟೇ ಬಂತು. ಹಬ್ಬದ ದಿನ ಇದೆಲ್ಲ ಬೇಕಿತ್ತೇ?

ಕೊನೆಯ ಚೀಟಿ ಆ ಹಿರಿಯರದು. ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು. ದೇವರು ಕೈಬಿಡುವುದಿಲ್ಲ ಎಂಬ ಮಾತು ಬಂದಿತ್ತು. ತಿರುಗಿಸಿದರು, ಹಿಂದೆ ಖಾಲಿ. ಬೈಬಲ್ ತೆರೆದು ಆ ವಾಕ್ಯದ ಮೇಲೂ ಕೆಳಗೂ ಬೆರಳಾಡಿಸಿದರು. ಷರತ್ತು ಸಿಗಲಿಲ್ಲ.

"ನಾ ಬರಿಯೋದು ಮರತೀನೇನ್ರಿ, ಇಲ್ಲಾ ಇದು ಇಷ್ಟೇ ಅದ ಏನ್ರಿ?" ಎಂದು ನನ್ನನ್ನು ಕೇಳಿದರು.

"ಪೂರ್ತಿ ಓದಿದ್ರೇನ್ರಿ?" ಅಂದೆ.

"ಓದೀನ್ರಿ," ಅಂದವರು ಚೀಟಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು.