ಹಿಮದ ದಿಬ್ಬದಲ್ಲಿ ತೋಡಿದ ಬಿಲ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಚೂರಿನ ಕಾಲೇಜಿನಲ್ಲಿ ಎನ್.ಸಿ.ಸಿ. ಕೆಡೆಟ್ ಆಗಿದ್ದೆ. ಹಿಮಾಚಲದ ಬೆಟ್ಟ ಹತ್ತುವ ಶಿಬಿರಕ್ಕೆ ನಮ್ಮ ಕಾಲೇಜಿನಿಂದ ಇಬ್ಬರು ಹುಡುಗಿಯರನ್ನು ಆರಿಸಿದರು. ಒಬ್ಬಳು ನಾನು, ಕಲ್ಲೂರಿನ ಕೂಲಿ ಮನೆಯವಳು. ಇನ್ನೊಬ್ಬಳು ನನ್ನ ಗೆಳತಿ, ರಾಯಚೂರಿನ ಅರ್ಚಕರೊಬ್ಬರ ಮಗಳು. ಅವರ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಊಟ ಬಿಟ್ಟು ಕೂತು ಒಪ್ಪಿಸಿದ್ದಳು.

ಅಲ್ಲಿ ನಮಗೆ ಹಿಮದಲ್ಲಿ ಗೂಡು ತೋಡುವುದನ್ನೂ ಕಲಿಸಿದರು. ಗಾಳಿ ಹಿಮವನ್ನು ಗುಡ್ಡೆ ಹಾಕಿದ ಕಡೆ ಚಿಕ್ಕ ಬಾಯಿ ಕೊರೆಯಬೇಕು. ಒಳಗೆ ಹೋದಂತೆ ಮೇಲಕ್ಕೆ ತೋಡಬೇಕು, ಏಕೆಂದರೆ ತಣ್ಣನೆಯ ಗಾಳಿ ಕೆಳಗೇ ನಿಲ್ಲುತ್ತದೆ, ಕೂರುವ ಕಟ್ಟೆ ಬಾಯಿಗಿಂತ ಎತ್ತರವಿರಬೇಕು. ಕಲಿಸುತ್ತಿದ್ದವರು ಆ ಬೆಟ್ಟದವರೇ. ನಮ್ಮದು ಉರ್ದು ಬೆರೆತ ರಾಯಚೂರಿನ ಹಿಂದಿ, ಅವರ ಮಾತು ನಮಗೆ ಅರ್ಧ ತಿಳಿಯಿತು. ಉಳಿದದ್ದನ್ನು ಅವರ ಕೈ ನೋಡಿ ಕಲಿತೆವು. ಗೆಳತಿ ನಗುತ್ತಲೇ ಇದ್ದಳು. ಇಂಥದ್ದು ನಮಗೆಲ್ಲಿ ಬೇಕಾಗುತ್ತದೆ ಅಂದುಕೊಂಡಿದ್ದೆವು.

ಮರುದಿನ ಎತ್ತರದ ಕಣಿವೆಯಿಂದ ಎಲ್ಲರೂ ಸಾಲಾಗಿ ಇಳಿಯುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಮೋಡ ನೆಲಕ್ಕೇ ಇಳಿಯಿತು. ಗೆಳತಿಯ ಬೂಟು ಅವಳ ಪಾದಕ್ಕಿಂತ ದೊಡ್ಡದು. ಒಳಗೆ ಹಿಮ ಹೊಕ್ಕು ಕಾಲುಚೀಲ ತೋಯ್ದಿತ್ತು. ಅವಳು ನಿಂತಳು. ಜೊತೆಗೆ ನಾನೂ ನಿಂತೆ. ತಲೆ ಎತ್ತಿ ನೋಡಿದರೆ ಮುಂದಿನವರು ಯಾರೂ ಕಾಣಲಿಲ್ಲ. ಸೀಟಿ ಊದಿದೆ, ಕೂಗಿದೆ. ನನ್ನ ಕೂಗು ನನ್ನ ಕಿವಿಗೇ ಸರಿಯಾಗಿ ಬೀಳಲಿಲ್ಲ. ಹೆಜ್ಜೆ ಗುರುತುಗಳು ನೋಡನೋಡುತ್ತಲೇ ಮುಚ್ಚಿಹೋದವು.

"ಕಾಲು ಎಲ್ಲವ ಅಂತನ ಗೊತ್ತಾಗವಲ್ದು," ಎಂದಳು.

"ಬೂಟಿನಾಗ ಅವ. ನಡಿ."

"ಆಗವಲ್ದು. ನೀ ಹೋಗು. ಅವರನ್ನ ಕರಕೊಂಡು ಬಾ."

"ಎಲ್ಲಿಗಂತ ಹೋಗ್ಲಿ? ದಾರಿ ಯಾವ ಕಡಿ ಅದ ಹೇಳು, ಹೋಗ್ತೀನಿ."

ಗೂಡು ತೋಡಲು ನಮ್ಮ ಬಳಿ ಇದ್ದದ್ದು ಹಿಮ ಕಡಿಯುವ ಒಂದು ಕೊಡಲಿ, ಊಟದ ಒಂದು ಅಲ್ಯುಮಿನಿಯಂ ತಟ್ಟೆ. ಪಕ್ಕದ ದಿಬ್ಬದಲ್ಲಿ ತೋಡತೊಡಗಿದೆವು. ನಾನು ಕಡಿದಂತೆ ಅವಳು ಮಂಡಿಯೂರಿ ತಟ್ಟೆಯಿಂದ ಬಾಚಿ ಹಾಕುತ್ತಿದ್ದಳು. ಮೇಲೆ ಗಟ್ಟಿ ಹೆಪ್ಪು, ಒಳಗೆ ಒದ್ದೆ ಉಪ್ಪಿನಂಥ ಹಿಮ. ನಾನು ಸೊಂಟದವರೆಗೆ ಒಳಗೆ ಹೋಗಿದ್ದಾಗ ಮಾಡು ಕುಸಿದು ಬೆನ್ನ ಮೇಲೆ ಬಿತ್ತು. ಅವಳು ಕಾಲು ಹಿಡಿದು ಎಳೆದಳು. ಅಷ್ಟು ಹೊತ್ತಿನ ಕೆಲಸ ಒಂದು ಗುಡ್ಡೆಯಾಗಿ ಬಿದ್ದಿತ್ತು. ಅವಳು ಅಲ್ಲೇ ಕೂತು ಅಳತೊಡಗಿದಳು. ನನಗೂ ಕೂತುಬಿಡಬೇಕು ಅನಿಸಿತು. ಕೂತರೆ ಏಳುವುದಿಲ್ಲ ಎಂಬುದೊಂದು ಗೊತ್ತಿತ್ತು.

ಇನ್ನೂ ಕೆಳಗೆ, ದಿಬ್ಬ ದಪ್ಪಗಿದ್ದ ಕಡೆ, ಮತ್ತೆ ತೋಡಿದೆವು. ಬೆರಳು ಮರಗಟ್ಟಿ ಕೊಡಲಿ ಜಾರುತ್ತಿತ್ತು. ಕೈವಸ್ತ್ರದಿಂದ ಅದನ್ನು ಅಂಗೈಗೆ ಕಟ್ಟಿಕೊಂಡೆ. ಬೆಳಕು ಕುಂದುವ ಹೊತ್ತಿಗೆ ಇಬ್ಬರು ಮುದುಡಿ ಕೂರುವಷ್ಟು ಜಾಗವಾಯಿತು. ಕೊಡಲಿಯ ಹಿಡಿಯಿಂದ ಮಾಡಿಗೊಂದು ತೂತು ಚುಚ್ಚಿ, ಬಾಯಿಗೆ ನಮ್ಮ ಬೆನ್ನುಚೀಲಗಳನ್ನು ಅಡ್ಡ ಇಟ್ಟು, ಅದರಲ್ಲಿದ್ದ ಮೇಣದಬತ್ತಿ ಹಚ್ಚಿದೆವು. ಗಾಳಿಯ ಸದ್ದು ಥಟ್ಟನೆ ದೂರವಾಯಿತು.

ಅವಳ ಬೂಟು ಬಿಚ್ಚಿದೆ. ಬೆರಳುಗಳು ಮೇಣದಷ್ಟೇ ಬಿಳಿ. ನನ್ನ ಅಂಗಿ ಎತ್ತಿ ಆ ಪಾದ ಹೊಟ್ಟೆಗೆ ಒತ್ತಿಕೊಂಡೆ. ಅವಳು ಎಳೆದುಕೊಳ್ಳಲು ನೋಡಿದಳು.

"ಬ್ಯಾಡ. ಕಾಲು ಹಚ್ಚಿದ್ರ ನನಗ ಪಾಪ ಬರ್ತದ."

"ಬರ್ಲಿ ಬಿಡು. ಬದುಕಿದ್ರ ಆಮ್ಯಾಲ ನೋಡೋಣು."

ಸ್ವಲ್ಪ ಹೊತ್ತಿಗೆ ಅವಳ ಮಾತು ತೊದಲತೊಡಗಿತು. ನನಗೂ ತಲೆ ಭಾರ, ಹಿತವಾದ ನಿದ್ದೆ. ಬತ್ತಿಯ ಉರಿ ಸಣ್ಣಗಾಗುತ್ತ ಬಂದಿತ್ತು. ಗಾಳಿಯೇ ಇಲ್ಲದ ಕಡೆ ದೀಪ ಯಾಕೆ ಕುಗ್ಗುತ್ತದೆ ಎಂದು ಮಂಕಾಗಿ ನೋಡುತ್ತಿದ್ದೆ. ಆಗ ನನ್ನ ಮಾವ ನೆನಪಾದ. ನಮ್ಮ ಕಡೆ ಜೋಳ ತುಂಬಿಡಲು ನೆಲದಡಿ ಹಗೇವು ತೋಡುತ್ತಾರೆ. ಅವ್ವನ ತಮ್ಮ ಅಂಥದ್ದೊಂದು ಹಗೇವಿನ ಬಾಯಿ ತೆಗೆದ ಕೂಡಲೇ ಇಳಿದು, ಒಳಗೇ ಕುಸಿದು ಸತ್ತಿದ್ದ. "ಮೊದಲ ಕಂದೀಲು ಇಳಿಬಿಡಬೇಕು. ದೀಪ ಆರಿದ್ರ ಆ ಗಾಳಿ ಮನಷ್ಯಾಗ ಅಲ್ಲ," ಎಂದು ಅವ್ವ ಅತ್ತು ಹೇಳುತ್ತಿದ್ದಳು.

ತಲೆ ಎತ್ತಿದೆ. ನಾವು ಚುಚ್ಚಿದ್ದ ತೂತು ಹಿಮ ತುಂಬಿ ಮುಚ್ಚಿತ್ತು. ಕೊಡಲಿ ತಿರುಗಿಸಿ ಹಿಡಿಯಿಂದ ತಿವಿದೆ. ತೋಳಿನಲ್ಲಿ ಬಲವಿರಲಿಲ್ಲ. ಅವಳ ಮೈಮೇಲೆ ಮಂಡಿಯೂರಿ, ಹಿಡಿಗೆ ಭುಜ ಕೊಟ್ಟು ನೂಕಿದೆ. ಹಿಮದ ತುಂಡು ಮುಖಕ್ಕೆ ಬಿತ್ತು, ಹಿಂದೆಯೇ ಗಾಳಿ. ಉರಿ ಮತ್ತೆ ನೆಟ್ಟಗಾಯಿತು.

ಆಮೇಲೆ ಆ ಹಿಡಿಯನ್ನು ನಾನು ಬಿಡಲಿಲ್ಲ. ತೂತು ಮುಚ್ಚಿದಂತೆಲ್ಲ ತಿವಿಯುತ್ತಿದ್ದೆ. ಗೆಳತಿ ಮಲಗದಿರಲೆಂದು ಕೇಳುತ್ತಲೇ ಇದ್ದೆ: "ನಿಮ್ಮ ಅಕ್ಕನ ಊರಿಗೆ ಬಸ್ಸು ಹೊಂಟದ. ರಾಯಚೂರು ಬಿಡ್ತು. ಎಲ್ಲೆಲ್ಲಿ ನಿಲ್ತದ ಹೇಳು." ಅಕ್ಕನನ್ನು ಕೊಟ್ಟಿದ್ದು ದೇವದುರ್ಗಕ್ಕೆ. ಅವಳು "ಕಲ್ಮಲಾ" ಎನ್ನುವಳು, ತಡೆದು "ಗಬ್ಬೂರು" ಎನ್ನುವಳು, ತೂಕಡಿಸುವಳು. ಕೆನ್ನೆಗೆ ಹೊಡೆದು ಬಸ್ಸನ್ನು ಮತ್ತೆ ರಾಯಚೂರಿನಿಂದ ಹೊರಡಿಸುತ್ತಿದ್ದೆ. ಒಮ್ಮೆ ಅವಳು, "ನಾ ಗಬ್ಬೂರಿನಾಗ ಇಳೀತೀನಿ, ನನ್ನ ಬಿಡು," ಎಂದಳು. ಆಗ ನಾನು ಅತ್ತೆ.

ಬೆಳಗಾದ ಮೇಲೆ ಹುಡುಕುತ್ತ ಬಂದವರಿಗೆ ಬಿಳಿ ದಿಬ್ಬದ ಮೇಲೆ ಕೋಲೊಂದು ಅಲ್ಲಾಡುವುದು ಕಂಡಿತಂತೆ. ನಮ್ಮನ್ನು ಅಗೆದು ತೆಗೆದರು.

ಅಲ್ಲಿನ ಆಸ್ಪತ್ರೆಯಲ್ಲಿ ಅವಳ ಎಡಗಾಲಿನ ಬೆರಳುಗಳನ್ನು ತೆಗೆಯಬೇಕಾಯಿತು. ರಾಯಚೂರು ಸ್ಟೇಷನ್ನಿಗೆ ಅವಳ ತಂದೆ ಬಂದಿದ್ದರು. ಮಗಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿಕೊಂಡರು. ನನ್ನ ಕಡೆ ತಿರುಗಿ, "ಇಬ್ರೂ ಬಂದ್ರಲ್ಲ ಯವ್ವಾ," ಎಂದರು. ತಾಯಿ ಮಾತ್ರ ಮನೆಯ ಬಾಗಿಲಲ್ಲೇ, "ಇನ್ನ ಇಕಿನ್ನ ಯಾರು ಮಾಡ್ಕೋತಾರ," ಎಂದು ಗೋಡೆಗೆ ಹಣೆ ಹಚ್ಚಿದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಅವಳನ್ನು ಉರಿಬಿಸಿಲಿನಲ್ಲೂ ಕಾಲುಚೀಲ ತೊಡಿಸಿ ಕೂರಿಸುತ್ತಿದ್ದರು. ಒಂದು ಸಲ ನಾನೂ ಅಲ್ಲಿದ್ದೆ. ಗಂಡಿನ ಸೋದರತ್ತೆ, "ಬ್ಯಾಸಗಿಯಾಗ ಇದ್ಯಾಕ?" ಎಂದು ಕೇಳಿದರು. ಅವಳು ಯಾರನ್ನೂ ನೋಡದೆ ಬಗ್ಗಿ, ಕಾಲುಚೀಲ ಕಳಚಿ, ಪಾದ ಮುಂದಿಟ್ಟಳು.

"ನೋಡ್ರಿ," ಎಂದಳು. "ಇಷ್ಟು ಉಳದದ."

ಅವರು ಚಹಾ ಮುಗಿಸದೆ ಎದ್ದರು. ಅವಳು ತಾನೇ ಕಪ್ಪುಗಳನ್ನು ಎತ್ತಿ ಒಳಗಿಟ್ಟಳು. ಮುಂದಿನ ವರ್ಷ ಮಾನ್ವಿಯ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು ಒಬ್ಬಳೇ ಇರತೊಡಗಿದಳು. ಸಾಮಾನು ಸಾಗಿಸಿದ ದಿನ ನಾನೂ ಹೋಗಿದ್ದೆ. ಟ್ರಂಕು ಇಳಿಸುವ ಮೊದಲೇ ಕೋಣೆಯ ಕಿಟಕಿಗಳನ್ನೆಲ್ಲ ತೆರೆದು ನಿಂತಳು.