ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡನ್ನೂ ಫೋನಿನ ಗಾಜು ಗುರುತೇ ಹಿಡಿಯುತ್ತಿರಲಿಲ್ಲ. ಜೀವಮಾನವೆಲ್ಲ ತಾಮ್ರದ ತಂತಿ ಎಳೆದೆಳೆದು, ವಾರ್ನಿಷ್ ಮೆತ್ತಿ ಮೆತ್ತಿ ಬೆರಳ ತುದಿಯ ಚರ್ಮ ಕೊರಡಾಗಿತ್ತು. ಹಾಗಾಗಿ ಎಡಗೈಯ ಕಿರುಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಒಂದು ಇಡೀ ಕೈಪಿಡಿ ಬರೆದರು. ಅದನ್ನು ತಿದ್ದಿ ಕೆಡಿಸಿದವರಿಗೆ ಹತ್ತು ಬೆರಳೂ ನೆಟ್ಟಗಿದ್ದವು, ಎರಡು ನಿಮಿಷದಲ್ಲಿ ಕೆಡಿಸಿದರು. ಅವರಲ್ಲಿ ನಾನೂ ಒಬ್ಬಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದು ಮೋಟಾರು ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳು ಮಾಕವಳ್ಳಿಯಿಂದ, ಅತ್ತ ಹೊಣಕೆರೆಯಿಂದಲೂ ಅಲ್ಲಿಗೆ ಬರುತ್ತಿದ್ದವು. ಊರಿಗೆಲ್ಲ ಅವರು ವೈಂಡಿಂಗ್ ಅಣ್ಣ, ನನಗೂ ಹಾಗೇ. ನಾನು ಅದೇ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ, ದೇವಸ್ಥಾನದ ಕೆಲಸದವರ ಮನೆಯಲ್ಲಿ. ಪಂಪ್‌ಮನೆಯೊಳಗೆ ಕಾಲಿಟ್ಟವಳೇ ಅಲ್ಲ. ಆದರೂ ಫೋನಿನಿಂದ ಪಂಪು ಓಡಿಸುವ, ನಿಲ್ಲಿಸುವ ಒಂದು ಮುಕ್ತ ತಂತ್ರಾಂಶದ ಕೆಲಸಕ್ಕೆ ಕೈಹಾಕಿದ್ದೆ. ಅದು ಯಾರೊಬ್ಬರ ಸೊತ್ತೂ ಅಲ್ಲ. ನಾನಾ ಊರಿನವರು ಬಿಡುವಿನಲ್ಲಿ ಕೂತು ಬರೆದದ್ದು, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಸಾಧನ ಕೂರಿಸಿಕೊಂಡರೆ ಆಯಿತು. ಕೂರಿಸುವುದು ಹೇಗೆಂದು ಹೇಳುವ ಕೈಪಿಡಿ ಮಾತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಬರೆಸುವ ಹೊಣೆ ನನ್ನದು.

ಆ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಓದಿ ಹೇಳಿದಾಗ ಅಣ್ಣನಿಗೆ ರೇಗಿಹೋಯಿತು.

"ಇದ್ ಬರ್ದೋನು ಯಾವತ್ತಾರ ಪಂಪ್‌ಮನೆ ನೋಡವ್ನಾ? ಸಂಪರ್ಕ ತಪ್ಪಿಸಿ ಅಂತಾನಲ್ಲ, ಎಲ್ಲಿ ತಪ್ಪುಸ್ಬೇಕು, ಯಾವ್ದ ಕೀಳ್ಬೇಕು, ಕಿತ್ತಿದ್ದ ಎಲ್ಲಿ ಮಡಗ್ಬೇಕು, ಏಳ್ಬ್ಯಾಡ್ವಾ? ಕೊಡವ್ವ ಇತ್ಲಾಗೆ, ನಾನೇ ಬರೀತೀನಿ."

ಬರೆದೇಬಿಟ್ಟರು. ಇಂಥ ಕೈಪಿಡಿಗಳನ್ನು ಬರೆಯುವ ರೀತಿ ಸುಲಭ. ಸಾಲಿನ ಮೊದಲಿಗೆ ಹ್ಯಾಶ್ ಗುರುತು ಇಟ್ಟರೆ ಅದು ತಲೆಬರಹ, ಪದದ ಆಚೆ ಈಚೆ ಎರಡೆರಡು ನಕ್ಷತ್ರ ಇಟ್ಟರೆ ದಪ್ಪಕ್ಷರ, ಅಂಕಿ ಬರೆದು ಚುಕ್ಕೆ ಹಾಕಿದರೆ ಹಂತಗಳ ಪಟ್ಟಿ. ಅಣ್ಣ ಒಂದೇ ಮಧ್ಯಾಹ್ನದಲ್ಲಿ ಕಲಿತರು. ಕಾಟ ಕೊಟ್ಟದ್ದು ಒಂದೇ: ಎರಡು ಹಂತಗಳ ನಡುವೆ ಎಚ್ಚರಿಕೆಯ ಸಾಲು ಸೇರಿಸಿದರೆ ಪಟ್ಟಿ ಅಲ್ಲಿಗೇ ತುಂಡಾಗಿ, ಮುಂದಿನ ಹಂತ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಆ ಸಾಲಿನ ಮುಂದೆ ನಾಲ್ಕು ಅಕ್ಷರದಷ್ಟು ಜಾಗ ಖಾಲಿ ಬಿಡಿ ಅಂತ ತೋರಿಸಿದೆ. ಅಂಕಿಗಳು ಸಾಲಾಗಿ ನಿಂತವು. "ಅಬ್ಬಾ! ಇಷ್ಟೇಯಾ?" ಎಂದು ಅಂಗಡಿಗೆ ಬಂದವರಿಗೆಲ್ಲ ಫೋನು ತೋರಿಸಿದರು.

ಬರೆದ ಮೇಲೆ ಪರೀಕ್ಷೆ. ಮೋಟಾರು ಬಿಡಿಸಿಕೊಳ್ಳಲು ಕಾದು ಕೂತ ರೈತನ ಮುಂದೆ ಹಳೆಯ ಸ್ಟಾರ್ಟರ್ ಇಟ್ಟು, ಕೈಗೆ ಹಾಳೆ ಕೊಟ್ಟು, ಅದರ ಮೇಲೊಂದು ರಟ್ಟು ಮುಚ್ಚಿ, ಒಂದೊಂದೇ ಸಾಲು ಕಾಣುವಂತೆ ಕೆಳಗೆ ಸರಿಸುತ್ತಿದ್ದರು. ತಾವು ಬಾಯಿ ಬಿಡುತ್ತಿರಲಿಲ್ಲ. ರೈತ ತಡವರಿಸಿದರೆ, "ನೀನ್ ಸುಮ್ಕಿರ್ಲಾ, ತಪ್ಪು ನಂದು" ಎಂದು ಆ ಸಾಲು ಒಡೆದು ಬರೆಯುತ್ತಿದ್ದರು. ಇಡೀ ಹಾಳೆ ಒಟ್ಟಿಗೆ ಯಾಕೆ ಕೊಡಬಾರದು ಅಂತ ಒಮ್ಮೆ ಕೇಳಿದೆ.

"ಯಾವನವ್ವ ಪೂರ್ತಿ ಓದ್ಕಂಡು ಕೆಲ್ಸ ಮಾಡೋನು? ಎಲ್ಡನೇ ಸಾಲು ಓದೋ ವೊತ್ಗೆ ಮೊದಲ್ನೇದು ಮಾಡಿ ಮುಗ್ಸಿರ್ತಾನೆ. ಬ್ಯಾಡ ಅನ್ನೋದ ಮುಂಚೇನೇ ಏಳ್ಬುಡ್ಬೇಕು."

ಅವರು ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಎರಡನೇ ಹಂತಕ್ಕೆ ಮುಂಚಿನ ಒಂದು ಸಾಲಿನ ಬಗ್ಗೆ. ಮೊದಲ ಹಂತ, ಪೆಟ್ಟಿಗೆಯ ದೀಪ ಆರಿದೆಯೇ ನೋಡುವುದು. ಎರಡನೆಯದು, ಮುಚ್ಚಳ ತೆಗೆಯುವುದು. ಈ ಎರಡರ ನಡುವೆ ದಪ್ಪಕ್ಷರದಲ್ಲಿ ಹೀಗೆ ಬರೆದಿದ್ದರು: "ಮೂರು ಫ್ಯೂಸನ್ನೂ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಕರೆಂಟು ಇಲ್ಲದಿದ್ದರೂ ಕೀಳಿ." ನಮ್ಮ ಕಡೆ ಪಂಪಿಗೆ ತ್ರೀಫೇಸ್ ಕರೆಂಟು ಬರುವುದೇ ದಿನದಲ್ಲಿ ಕೆಲವು ತಾಸು, ಅದೂ ಬಂದಾಗ ಬಂತು. ದೀಪ ಆರಿದೆ ಅಂದರೆ ಈ ಗಳಿಗೆಯಲ್ಲಿ ಬಂದಿಲ್ಲ ಅಂತ ಅಷ್ಟೇ. ಇನ್ನು ಜೇಬು ಯಾಕೆಂದರೆ, ಕಿತ್ತ ಫ್ಯೂಸನ್ನು ಕಟ್ಟೆಯ ಮೇಲಿಟ್ಟರೆ ನೀರಿಗೆ ಕಾದಿದ್ದ ತಮ್ಮನೋ ಭಾವಮೈದನೋ ಬಂದು ಸಿಕ್ಕಿಸಿಬಿಡುತ್ತಾನೆ.

ಹೀಗಿದ್ದ ಕೈಪಿಡಿ ಆ ತಂತ್ರಾಂಶದ ಜಾಲತಾಣಕ್ಕೆ ಏರಿತು. ತಲೆಬರಹದ ಕೆಳಗೆ ಅಣ್ಣನ ಹೆಸರು. ಅದರ ಅಚ್ಚುಪ್ರತಿಗಳು ಊರೂರಿಗೆ ಹೋದವು.

ಮೂರು ತಿಂಗಳಾಗಿರಬೇಕು. ಕೈಪಿಡಿಗಳ ಉಸ್ತುವಾರಿ ಹೊತ್ತ ಮಹಾನುಭಾವನೊಬ್ಬ ದೂರದ ನಗರದಲ್ಲಿದ್ದ. ಎಲ್ಲ ಭಾಷೆಯ ಪುಟಗಳೂ ಒಂದೇ ಥರ ಕಾಣಬೇಕು ಅಂತ ಅವನ ಹಟ. ಎಚ್ಚರಿಕೆಗಳನ್ನೆಲ್ಲ ಹಂತಗಳ ನಡುವಿನಿಂದ ಕಿತ್ತು ಪುಟದ ಕೊನೆಗೆ, 'ಟಿಪ್ಪಣಿಗಳು' ಅನ್ನುವ ತಲೆಬರಹದಡಿ ಹಾಕಿದ. ಫ್ಯೂಸಿನ ಸಾಲಿನ ಬಗ್ಗೆ ಬೇರೆ ಷರಾ ಬರೆದಿದ್ದ: ದೀಪ ಆರಿರಲಿ ಎಂದು ಮೊದಲೇ ಹೇಳಿದೆಯಲ್ಲ, ಅದೇ ಮಾತು ಎರಡೆರಡು ಸಲ ಯಾಕೆ? ಸ್ವಿಚ್ಚು ಒತ್ತಿದಾಗಲೆಲ್ಲ ದೀಪ ಹತ್ತುವ ಮನೆಯಲ್ಲಿ ಬೆಳೆದವನು ಕೇಳುವ ಪ್ರಶ್ನೆ ಅದು! ಅವನಿಗಾದರೂ ಗೊತ್ತಿರಲಿಲ್ಲ ಅನ್ನೋಣ. ನನಗೆ ಗೊತ್ತಿತ್ತು. ಅಣ್ಣನ ಪಕ್ಕದಲ್ಲೇ ಕೂತು ಕೇಳಿದ್ದೆ. ಕನ್ನಡ ಪುಟದ ಒಪ್ಪಿಗೆ ಕೊಡಬೇಕಾದವಳೂ ನಾನೇ. ಆವತ್ತು ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಮುಂದಿತ್ತು. ಪುಟ ಚೆನ್ನಾಗಿ ಕಾಣುತ್ತಿದೆ ಅಂದುಕೊಂಡು ಗುಂಡಿ ಒತ್ತಿಬಿಟ್ಟೆ. ಅಣ್ಣನಿಗೆ ಒಂದು ಮಾತು ಹೇಳಲಿಲ್ಲ. ಅವರ ಹೆಸರು ಮಾತ್ರ ಮೇಲೆ ಹಾಗೇ ಇತ್ತು.

ಮಾಕವಳ್ಳಿ ಕಡೆಯ ರೈತನೊಬ್ಬ ಆ ಹೊಸ ಪುಟವನ್ನು ಅಚ್ಚು ಹಾಕಿಸಿ ಪಂಪ್‌ಮನೆಗೆ ಒಯ್ದ. ದೀಪ ಆರಿತ್ತು. ಮುಚ್ಚಳ ತೆಗೆದ. ಕೈ ಒಳಗಿದ್ದಾಗ ಕರೆಂಟು ಬಂತು. ಜೀವ ಉಳಿಯಿತು, ಬಲಗೈ ಸುಟ್ಟು ಎರಡು ಬೆರಳು ಹೋದವು.

ಮಾರನೆಯ ದಿನ ಅವನ ತಮ್ಮ ಅದೇ ಹಾಳೆ ಹಿಡಿದು ಅಂಗಡಿಗೆ ನುಗ್ಗಿದ. ನಾನು ಅಲ್ಲೇ ಇದ್ದೆ. ಏಳೆಂಟು ಜನ ಗಿರಾಕಿಗಳಿದ್ದರು.

"ನಿಮ್ಮನ್ನ ನಂಬ್ಕಂಡು ನಮ್ಮಣ್ಣ ಕೈ ಕಳ್ಕಂಡ! ನೋಡಿ, ಇದು ನಿಮ್ ಎಸ್ರೇ ತಾನೇ?"

ಅಣ್ಣ ಹಾಳೆ ಇಸಿದುಕೊಂಡು ಓದಿದರು. ಮೇಲಿನಿಂದ ಕೆಳಗೆ, ನಿಧಾನಕ್ಕೆ. ಎರಡನೇ ಹಂತದಲ್ಲಿ ಒಂದು ಸಲ ನಿಂತರು. ಆಮೇಲೆ ಫೋನು ತೆಗೆದು, ಪುಟದ ತಿದ್ದುಪಡಿಗಳ ಚರಿತ್ರೆ ಬಿಚ್ಚಿ ನೋಡಿದರು. ಯಾವ ಸಾಲನ್ನು ಯಾರು ಯಾವತ್ತು ಎತ್ತಿದರು, ಯಾರು ಒಪ್ಪಿದರು ಎಲ್ಲ ಅಲ್ಲಿರುತ್ತದೆ. ನೋಡುವುದನ್ನು ಅವರಿಗೆ ಕಲಿಸಿದವಳು ನಾನೇ. ನನ್ನ ಕಡೆ ಒಮ್ಮೆ ನೋಡಿದರು. ಫೋನು ಜೇಬಿಗೆ ಹಾಕಿಕೊಂಡು, "ಎಸ್ರು ನಂದೇ ಕಣಪ್ಪ. ತಪ್ಪಾಗದೆ" ಅಂದರು.

ಥೂ, ನನ್ನ ಓದಿಗಿಷ್ಟು ಬೆಂಕಿ ಹಾಕ! ದಿನವೂ ನೂರು ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವ ನನಗೆ ಆವತ್ತು 'ಅದು ನಾನು' ಅನ್ನುವ ಎರಡು ಪದ ಹೊರಡಲಿಲ್ಲ. ಕಾಲೇಜಿನಲ್ಲಿ ಗೊತ್ತಾದರೆ? ಪೊಲೀಸು ಗಿಲೀಸು ಅಂತಾದರೆ? ಲೆಕ್ಕ ಹಾಕುತ್ತಾ ನಿಂತಿದ್ದೆ. ರೈತನ ತಮ್ಮ ಹಾಳೆಯನ್ನು ಕಿತ್ತುಕೊಂಡು ಹರಿದು ಅಣ್ಣನ ಕಾಲ ಬಳಿ ಎಸೆದು ಹೋದ.

ಎಲ್ಲರೂ ಹೋದ ಮೇಲೆ, "ನನ್ನ ಹೆಸರು ಯಾಕೆ ಹೇಳಲಿಲ್ಲ ಅಣ್ಣಾ?" ಅಂದೆ.

ಆವತ್ತೊಂದು ದಿನ ಅವರು ನನ್ನ ಮೇಲೆ ಕಿರುಚಿದರು. "ಏಳುದ್ರೆ ಅವ್ನ ಕೈ ಬತ್ತದಾ? ಆ ಸಾಲ ಮೊದ್ಲು ಮೇಲೀಕಾಕವ್ವ! ಇನ್ನೊಬ್ಬ ಯಾವನಾರ ಈಗ್ಲೇ ಓದ್ಕಂಡು ಮುಚ್ಚಳ ಬಿಚ್ತಾ ಕೂತಿದ್ರೆ?"

ಅಲ್ಲೇ ನಿಂತು ಹಾಕಿದೆ. ಆ ಮಹಾನುಭಾವ, ಮುಂದಿನ ವಾರದ ಸಭೆಯಲ್ಲಿ ಚರ್ಚಿಸದೆ ನಿಯಮ ಮುರಿಯುವಂತಿಲ್ಲ ಎಂದು ಬರೆದ. ಒಬ್ಬ ಮನುಷ್ಯನ ಬೆರಳು ಹೋಗಿದೆ, ಇವನಿಗೆ ಸಭೆಯಂತೆ! ಮತ್ತೆ ಕಿತ್ತರೆ ಕನ್ನಡದ ಪುಟವನ್ನೇ ಅಳಿಸುತ್ತೇನೆ ಅಂದೆ. ಆಮೇಲೆ ಸುಮ್ಮನಾದ.

ಸಾಲು ಅದರ ಜಾಗಕ್ಕೆ ಬಂತು. ಅಣ್ಣನ ಮೇಲಿದ್ದ ನಂಬಿಕೆ ಬರಲಿಲ್ಲ. ಆಸ್ಪತ್ರೆಗೆ ಹೋಗಿ ಬಾಗಿಲಿಂದಲೇ ಬೈಸಿಕೊಂಡು ಬಂದರು. "ಅವ್ರು ಬರ್ದಂಗೆ ಮಾಡಿ ಒಬ್ಬ ಕೈ ಸುಟ್ಕಂಡ" ಅನ್ನುವ ಮಾತು ಸುತ್ತಲಿನ ಹಳ್ಳಿಗಳಿಗೆ ಹರಡಿ, ಮೋಟಾರುಗಳು ಬೇರೆ ಅಂಗಡಿಗಳ ದಾರಿ ಹಿಡಿದವು. ನಾನು ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆ. ಈ ಸಲ ಹೇಳಿಬಿಡುತ್ತೇನೆ ಅಂತ ಪ್ರತಿ ಸಲವೂ ಅಂದುಕೊಂಡೆ. ಅವರು ಟೀ ತರಿಸಿ, ಕೈಪಿಡಿಯ ಮುಂದಿನ ಅಧ್ಯಾಯದ ಮಾತೆತ್ತುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಅವರ ತಿಥಿ ಕಳೆದ ಮೇಲೆ ಮಾಕವಳ್ಳಿ ಬಸ್ಸು ಹತ್ತಿದೆ. ಆ ರೈತ ಜಗಲಿಯ ಮೇಲೆ, ಎಡಗೈಯಲ್ಲಿ ಮೇವಿನ ಹೊರೆ ಕಟ್ಟುತ್ತಿದ್ದ. ಅವನ ಹೆಂಡತಿಯೂ ಇದ್ದಳು. ಫೋನಿನಲ್ಲಿ ಚರಿತ್ರೆಯ ಪುಟ ತೆಗೆದು, ಒಪ್ಪಿದವರ ಜಾಗದಲ್ಲಿದ್ದ ನನ್ನ ಹೆಸರನ್ನು ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ, ಹೊಡೆಯಲಿ ಅಂತಲೇ ಹೋಗಿದ್ದೆ.

ಅವನು ಮೇವು ಬಿಟ್ಟು ಎದ್ದು ಒಳಗೆ ಹೋದ. ಅವನು ಬಿಟ್ಟ ಹೊರೆಯನ್ನು ಹೆಂಡತಿ ಕಟ್ಟಿ ಮುಗಿಸಿದಳು.

"ಆವಯ್ಯ ಎಲ್ಡು ಸಲ ಬಂದಿದ್ರು ಕಣವ್ವ, ಕೈ ಎಂಗದೆ ಅಂತ ಕೇಳ್ಕಂಡು. ಆ ಬಿಸ್ಲಲ್ಲಿ, ಇದೇ ಬಾಗ್ಲಲ್ಲಿ ನಿಂತಿದ್ರು. ಒಂದ್ ಲೋಟ ನೀರೂ ಕೊಡ್ಲಿಲ್ವಲ್ಲ ನಾವು."