ವಿಮಾನ ನಿಲ್ದಾಣದ ಚಿಕ್ಕಮ್ಮ

ವಸಂತಮ್ಮ ಮೀಯಿಸಿದರೆ ಮಗು ಅಳುವುದಿಲ್ಲ, ಮಗುವಿನ ಅಜ್ಜಿ ಅಳುತ್ತಾಳೆ ಎಂದು ಕಡಹಿನಬೈಲಿನ ಅಕ್ಕಪಕ್ಕದವರು ಹೇಳುತ್ತಿದ್ದರು. ಬಾಯಿ ಹಾಗಿತ್ತು. ಬಾಣಂತನಕ್ಕೆ ಹೋದ ಮನೆಯಲ್ಲಿ ಬಚ್ಚಲ ಒಲೆಯಿಂದ ಹಿಡಿದು ಬಾಣಂತಿಯ ತಲೆಗೆ ಕಟ್ಟುವ ಬಟ್ಟೆಯವರೆಗೆ ಅವಳದೇ ಯಜಮಾನಿಕೆ. ಹಾಗಂತ ಯಾರೂ ಬೇರೆಯವರನ್ನು ಹುಡುಕಲಿಲ್ಲ. ಸ್ವಂತ ಗದ್ದೆ ಇದ್ದವಳು, ಕೂಲಿಗೆ ಹೋಗುವವಳಲ್ಲ. ಮನೆಯವರೇ ಬಂದು ಕುಂಕುಮ ಕೊಟ್ಟು ಕರೆಯಬೇಕು, ಎಲ್ಲ ಮುಗಿದ ಮೇಲೆ ಮಡಿಲಿಗೊಂದು ಸೀರೆ, ಎಲೆ ಅಡಿಕೆ. ತಟ್ಟೆಯಲ್ಲಿ ದುಡ್ಡಿಟ್ಟರೆ ತಟ್ಟೆಯನ್ನೇ ಬಿಟ್ಟು ಬರುತ್ತಿದ್ದಳು.

೨೦೦೭ರಲ್ಲಿ ನರಸಿಂಹರಾಜಪುರದ ನಾರಾಯಣ ಗೌಡರು ಹಾಗೆ ಬಂದು ಕರೆದರು. ಅವರ ಮಗಳು ಚೈತ್ರ ನ್ಯೂಜಿಲೆಂಡಿನಲ್ಲಿ ಹೆರುವವಳಿದ್ದಳು. ಅಳಿಯ ವಿಜಯ್‌ಗೆ ಅಲ್ಲಿ ಹಾಲಿನ ಪುಡಿ ಕಾರ್ಖಾನೆಯಲ್ಲಿ ಕೆಲಸ. ಗೌಡರ ಹೆಂಡತಿಗೆ ಸೊಂಟ ನೋವು, ವಿಮಾನದಲ್ಲಿ ಅಷ್ಟು ಹೊತ್ತು ಕೂರುವ ಹಾಗಿರಲಿಲ್ಲ. ಅಲ್ಲಿ ಯಾರಾದರೂ ಕೇಳಿದರೆ ಚೈತ್ರಳ ಚಿಕ್ಕಮ್ಮ ಎಂದು ಹೇಳು, ಸಂಬಂಧದವರಾದರೆ ಬೇಗ ಬಿಡುತ್ತಾರಂತೆ ಎಂದರು ಗೌಡರು. ಸುಳ್ಳು ವಸಂತಮ್ಮನಿಗೆ ಹಿಡಿಸಲಿಲ್ಲ. ದೂರದಲ್ಲಿರುವ ಬಸುರಿಯನ್ನು ನೆನೆದು ಒಪ್ಪಿದಳು. ಗಂಡ ಸುಬ್ಬಯ್ಯ ಮಾತ್ರ, "ಅಲ್ಲಿಯ ಮಕ್ಕಳೂ ಬತ್ತಲೆಯಾಗಿಯೇ ಹುಟ್ತಾವಂತೆ, ಹೆದರಬೇಡ" ಎಂದು ಬಸ್ಸು ಹತ್ತಿಸಿದ.

ಆ ದೇಶದಲ್ಲಿ ಅವಳನ್ನು ಮೊದಲು ಮಾತಾಡಿಸಿದ್ದು ನಾಯಿ. ಸಾಲಿನಲ್ಲಿ ನಿಂತವಳ ಚೀಲ ಮೂಸಿ, ಅಲ್ಲೇ ಕುಂಡೆಯೂರಿ ಕೂತಿತು. ಕೈಗವಸು ಹಾಕಿದ ಹುಡುಗಿಯೊಬ್ಬಳು ಬಂದು ಚೀಲ ಬಿಚ್ಚಿ, ದಿನಗಟ್ಟಲೆ ಒಲೆ ಮುಂದೆ ಕೂತು ಕಾಯಿಸಿದ ಲೇಹ್ಯ, ಮೆಂತ್ಯದುಂಡೆ, ಬಜೆ ಬೇರು ಎಲ್ಲವನ್ನೂ ಒಂದೊಂದಾಗಿ ಕಸದ ಡಬ್ಬಿಗೆ ಹಾಕಿದಳು. ವಸಂತಮ್ಮ ಕನ್ನಡದಲ್ಲೇ ಚೆನ್ನಾಗಿ ಬೈದಳು. ಹುಡುಗಿ ನಕ್ಕಳು. ಲೇಹ್ಯ ಹೋದದ್ದಕ್ಕಿಂತ ಆ ನಗು ಉರಿಸಿತು. ಬೈದವರಿಗೆ ತಿರುಗಿ ಬೈಯುವಷ್ಟು ಮರ್ಯಾದೆಯಾದರೂ ಬೇಡವೇ?

ಆಮೇಲೆ ಆಫೀಸರೊಬ್ಬ ಅವಳ ಕಿವಿಗೆ ಫೋನು ಹಿಡಿದ. ಅದರೊಳಗಿಂದ ಕನ್ನಡ ಬಂತು. ಆಫೀಸರನ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಯಾರೋ ಗಂಡಸು, ಮೈಸೂರು ಕಡೆಯ ಮಾತು: "ಅಮ್ಮಾ, ನೀವು ನೋಡೋಕೆ ಬಂದಿರೋರು ನಿಮಗೇನಾಗಬೇಕು?"

ವಿಮಾನ ಹತ್ತಿದಾಗಿನಿಂದ ತನ್ನ ಭಾಷೆಯ ಒಂದು ಮಾತು ಕಿವಿಗೆ ಬಿದ್ದಿರಲಿಲ್ಲ. ಕಣ್ಣು ತುಂಬಿತು. ಸುಳ್ಳು ಹೇಳಬೇಕಾದದ್ದೂ ಅದೇ ಭಾಷೆಯಲ್ಲಿ.

"ನನ್ನ ಅಕ್ಕನ ಮಗಳು" ಎಂದಳು.

ಹೇಳಿದ ಮೇಲೆ ಅವಳ ಪಾಲಿಗೆ ಅದು ಸುಳ್ಳಾಗಿ ಉಳಿಯಲಿಲ್ಲ. ಸರ್ಕಾರದ ಮುಂದೆ ಆಡಿದ ಸಂಬಂಧ, ಇನ್ನು ಅದನ್ನು ನಡೆಸಬೇಕು ಎಂದುಕೊಂಡೇ ಹೊರಗೆ ಬಂದಳು. ಜೂನಿನಲ್ಲಿ ಅಲ್ಲಿ ಹಲ್ಲು ಕಟಕಟಿಸುವ ಚಳಿ. ತೊಳೆದಿಟ್ಟಂಥ ರಸ್ತೆಗಳಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರಾದರೂ ಸತ್ತಿದ್ದಾರೆಯೇ ಎಂದು ಕಾರಿನಲ್ಲಿ ವಿಜಯ್‌ನನ್ನು ಕೇಳಿದಳು.

ಆ ಮನೆಯಲ್ಲಿ ಅವಳಿಗೆ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಹಾಸಿಗೆ. ಊಟ ಎಲ್ಲರದೂ ಆದ ಮೇಲೆ. ಗಂಡು ಮಗು ಹುಟ್ಟಿತು. ಸಾಂಬ್ರಾಣಿ ಹೊಗೆ ಹಾಕಿದರೆ ಚಾವಣಿಯ ಗಂಟೆ ಕಿರುಚುತ್ತಿತ್ತು, ಅದಕ್ಕೂ ಬೈದು ಹೊಗೆ ಹಾಕಿದಳು. ತಣ್ಣೀರು ಮುಟ್ಟಿದ ಚೈತ್ರಳನ್ನು ಅಕ್ಕನ ಮಗಳೆಂದೇ ಗದರಿದಳು. ಚೈತ್ರ ಕರೆಯುತ್ತಿದ್ದುದು ಮಾತ್ರ "ಇವರೇ" ಎಂದು. ಬಾಣಂತಿ, ನಿದ್ದೆಯಿಲ್ಲ, ಹೋಗಲಿ ಎಂದು ವಸಂತಮ್ಮ ಕಾದಳು.

ಹೆಸರಿಡುವ ದಿನ ಆ ಊರಿನ ಕನ್ನಡದವರೆಲ್ಲ ಬಂದರು. ಮಗುವನ್ನು ತೊಟ್ಟಿಲ ಕೆಳಗಿಂದ ದಾಟಿಸುವಾಗ ಆಚೆಗೊಬ್ಬಳು, ಈಚೆಗೊಬ್ಬಳು ಮನೆಯ ಹೆಂಗಸು ನಿಲ್ಲಬೇಕು. ತಾಯಿ ಕಡೆಯವಳೆಂದು ತಾನೊಬ್ಬಳೇ ಇದ್ದೇನಲ್ಲ ಎಂದು ವಸಂತಮ್ಮ ರೇಷ್ಮೆ ಸೀರೆ ಉಟ್ಟು ಈಚೆ ಬದಿಗೆ ನಿಂತಳು. ಚೈತ್ರ ಹತ್ತಿರ ಬಂದು, ಇಲ್ಲಿ ತನ್ನ ಗೆಳತಿ ನಿಲ್ಲುತ್ತಾಳೆ, ನೀವು ಒಳಗೆ ನೋಡಿಕೊಳ್ಳಿ ಎಂದು ಪಿಸುಗುಟ್ಟಿದಳು. ವಸಂತಮ್ಮ ಒಳಗೆ ಹೋದಳು. ಊಟಕ್ಕೆ ಕೂತಾಗ ಯಾರೋ ಹೋಳಿಗೆ ಮಾಡಿದ್ದು ಯಾರೆಂದು ಕೇಳಿದರು.

"ಊರಿಂದ ಕೆಲಸದವಳನ್ನ ಕರೆಸಿದ್ವಿ" ಎಂದ ವಿಜಯ್.

ಗಡಿ ದಾಟಿಸುವಾಗ ರಕ್ತಸಂಬಂಧ, ಊಟಕ್ಕೆ ಕೂತಾಗ ಕೆಲಸದವಳು! ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ವಸಂತಮ್ಮ ಅಲ್ಲೇ ನಿಂತಳು.

"ಕೆಲಸದವಳಿಗೆ ಕೂಲಿ ಗೊತ್ತು ಮಾಡ್ತಾರೆ ಮಾರಾಯ. ನನಗೆ ಎಷ್ಟು ಗೊತ್ತು ಮಾಡಿದ್ದೆ?"

ಎಲ್ಲರೆದುರು ಎಂತಕ್ಕೆ ಎಂದು ವಿಜಯ್ ಗೊಣಗಿದ.

"ಆಫೀಸರ ಹತ್ರ ನಾನು ಹೇಳಿದ್ದೂ ಎಲ್ಲರೆದುರೇ."

ತನ್ನನ್ನು ಬೇಗ ಊರಿಗೆ ಕಳಿಸಿ ಎಂದು ಪಟ್ಟು ಹಿಡಿದು, ಟಿಕೆಟು ಬದಲಾಯಿಸಿಕೊಡುವವರೆಗೆ ಅವಳು ಊಟಕ್ಕೆ ಕೂರಲಿಲ್ಲ, ಬರೀ ಗಂಜಿ ಕುಡಿದಳು. ಮಗುವಿನ ಸ್ನಾನ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಹೊರಡುವ ಬೆಳಿಗ್ಗೆಯೂ ಎಣ್ಣೆ ತಿಕ್ಕಿ ಮೀಯಿಸಿ, ಮಗುವನ್ನು ಮಲಗಿಸಿ ಬಂದಾಗ ಚೈತ್ರ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಚಿಕ್ಕಮ್ಮ, ಇನ್ನೊಂದು ತಿಂಗಳು ಇರಿ. ಇವನಿಗೆ ನೀರು ಹಾಕೋಕೆ ನನಗೆ ಬರಲ್ಲ."

ಬಂದಂದಿನಿಂದ ಕಾದಿದ್ದ ಮಾತು. ವಸಂತಮ್ಮ ಅವಳ ತಲೆಯ ಬಟ್ಟೆ ಸಡಿಲಾದದ್ದನ್ನು ಬಿಗಿದು ಕಟ್ಟಿದಳು.

"ಅಗತ್ಯ ಬಿದ್ದಾಗ ಕರೆಯೋ ಹೆಸರಲ್ಲ ಅದು, ಮಾರಾಯ್ತಿ. ನೀರಿಗೆ ಮೊಣಕೈ ಅದ್ದಿ ನೋಡು. ನಿನಗೆ ಸುಟ್ಟರೆ ಅವನಿಗೂ ಸುಡ್ತದೆ. ಅಷ್ಟೇ."

ಚಪ್ಪಲಿ ಮೆಟ್ಟಿದಳು. ವಿಜಯ್ ಎತ್ತಲು ಬಂದ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದಳು.